ರಿಲೇಷನಲ್ ಡೇಟಾಬೇಸ್‌ಗಳಲ್ಲಿ ಕೆಟ್ಟ ಅಂಕಿಅಂಶಗಳ ಪತ್ತೆ

ರಿಲೇಷನಲ್ ಡೇಟಾಬೇಸ್ ತನ್ನ ಟೇಬಲ್‌ಗಳ ಬಗ್ಗೆ ತಾನೇ ಸಂಗ್ರಹಿಸಿ ಇಟ್ಟುಕೊಳ್ಳುವ ಸಾರಾಂಶವನ್ನು ಅಂಕಿಅಂಶ ಎನ್ನುತ್ತಾರೆ. ಟೇಬಲಿನಲ್ಲಿ ಎಷ್ಟು ಸಾಲುಗಳಿವೆ, ಒಂದು ಕಾಲಂನಲ್ಲಿ ಎಷ್ಟು ಬೇರೆ ಬೇರೆ ಮೌಲ್ಯಗಳಿವೆ, ಯಾವ ಮೌಲ್ಯ ಪದೇ ಪದೇ ಬರುತ್ತದೆ ಎಂಬ ವಿವರಗಳು ಇದರಲ್ಲಿರುತ್ತವೆ. ಕ್ವೆರಿಯನ್ನು ಯಾವ ದಾರಿಯಲ್ಲಿ ನಡೆಸಬೇಕೆಂದು ತೀರ್ಮಾನಿಸುವ ಆಪ್ಟಿಮೈಜರ್ ಸಾಮಾನ್ಯವಾಗಿ ಟೇಬಲನ್ನು ತೆರೆದು ನೋಡುವುದಿಲ್ಲ. ಈ ಸಾರಾಂಶವನ್ನೇ ನಂಬಿ ಲೆಕ್ಕ ಹಾಕುತ್ತದೆ. ಸಾರಾಂಶ ವಾಸ್ತವದಿಂದ ದೂರ ಸರಿದಿದ್ದರೆ, ಅದರೊಳಗಿನ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಅಥವಾ ಡಿಸ್ಕ್‌ನಲ್ಲಿ ಓದಲಾಗದಂತೆ ಹಾಳಾಗಿದ್ದರೆ ಅದು ಕೆಟ್ಟ ಅಂಕಿಅಂಶ.

ಸಾಮಾನ್ಯವಾಗಿ ಇದರಿಂದ ಕ್ವೆರಿಯ ಉತ್ತರ ತಪ್ಪುವುದಿಲ್ಲ, ಉತ್ತರ ಬರುವ ಹೊತ್ತು ತಪ್ಪುತ್ತದೆ. ನಿನ್ನೆ ಒಂದು ಸೆಕೆಂಡಿನಲ್ಲಿ ಮುಗಿದ ವರದಿ ಇಂದು ಒಂದು ಗಂಟೆಯಾದರೂ ಮುಗಿಯುವುದಿಲ್ಲ. ದೋಷ ಸಂದೇಶ ಎಲ್ಲೂ ಕಾಣುವುದಿಲ್ಲವಾದ್ದರಿಂದ ದೋಷವನ್ನು ನೆಟ್‌ವರ್ಕ್, ಡಿಸ್ಕ್, ಲಾಕ್‌ಗಳಲ್ಲಿ ಹುಡುಕುತ್ತಾ ಹೊತ್ತು ಕಳೆಯುವುದುಂಟು. ಅಂಕಿಅಂಶವನ್ನು ಹೊಸದಾಗಿ ಸಂಗ್ರಹಿಸಿದರೆ ಹಲವು ಸಲ ತೊಂದರೆ ಹೋಗುತ್ತದೆ. ಆದರೆ ಹಾಗೆ ಮಾಡಿದೊಡನೆ ಹೆಚ್ಚಿನ ವ್ಯವಸ್ಥೆಗಳಲ್ಲಿ ಹಳೆಯ ಸಂಖ್ಯೆಗಳು ಅಳಿಯುತ್ತವೆ, ದೋಷ ಏನಿತ್ತೆಂಬ ಸಾಕ್ಷ್ಯವೂ ಅವುಗಳೊಂದಿಗೆ ಹೋಗುತ್ತದೆ. ಆದ್ದರಿಂದ ಪತ್ತೆ ಮೊದಲು, ದುರಸ್ತಿ ಆಮೇಲೆ ಎಂಬುದು ಈ ಕೆಲಸದ ಮೂಲ ನಿಯಮ.

ಹಿನ್ನೆಲೆ

ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ರಿಲೇಷನಲ್ ಮಾದರಿಯಲ್ಲಿ ಬಳಕೆದಾರ ಏನು ಬೇಕೆಂದು ಹೇಳಿದರೆ ಸಾಕು. ಹೇಗೆ ತರಬೇಕೆಂಬುದು ಯಂತ್ರದ ಹೊಣೆ. ಆ ಹೊಣೆಯನ್ನು ವೆಚ್ಚದ ಲೆಕ್ಕದಿಂದ ನಿಭಾಯಿಸುವ ವಿಧಾನವನ್ನು ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದ ಸಿಸ್ಟಂ ಆರ್ ಯೋಜನೆ ರೂಪಿಸಿತು. ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆಪ್ಟಿಮೈಜರ್ ಬಳಸುವ ಸಂಖ್ಯೆಗಳು ಕೆಲವೇ: ಟೇಬಲಿನ ಸಾಲುಗಳೆಷ್ಟು, ಅವು ಹರಡಿರುವ ಪುಟಗಳೆಷ್ಟು, ಇಂಡೆಕ್ಸ್‌ನಲ್ಲಿ ಬೇರೆ ಬೇರೆ ಕೀಲಿಗಳೆಷ್ಟು, ಇಂಡೆಕ್ಸ್‌ನ ಪುಟಗಳೆಷ್ಟು. ಮಾಹಿತಿ ಇಲ್ಲದಿದ್ದಾಗ ಸಮಾನತೆಯ ಷರತ್ತಿಗೆ ಹತ್ತರಲ್ಲೊಂದು, ‘ಇದಕ್ಕಿಂತ ಹೆಚ್ಚು’ ಎಂಬ ಷರತ್ತಿಗೆ ಮೂರರಲ್ಲೊಂದು, ಎರಡು ಎಲ್ಲೆಗಳ ನಡುವಿನ ಷರತ್ತಿಗೆ ನಾಲ್ಕರಲ್ಲೊಂದು ಪಾಲಿನ ಸಾಲುಗಳು ಸಿಗುತ್ತವೆಂದು ಅದು ಊಹಿಸುತ್ತಿತ್ತು.

ಪ್ರತಿ ಸಾಲು ಸೇರಿದಾಗ, ಅಳಿದಾಗ ಈ ಸಂಖ್ಯೆಗಳನ್ನು ತಿದ್ದುತ್ತಿರಲಿಲ್ಲ. ಹಾಗೆ ಮಾಡಿದರೆ ಎಲ್ಲ ಬದಲಾವಣೆಗಳೂ ಈ ಸಂಖ್ಯೆಗಳನ್ನಿಟ್ಟ ಕ್ಯಾಟಲಾಗ್‌ನ ಒಂದೇ ಲಾಕ್‌ಗೆ ಕಾದು ನಿಲ್ಲಬೇಕಾಗುತ್ತಿತ್ತು. ಆಗಾಗ ಒಂದು ಆದೇಶ ಕೊಟ್ಟು ನವೀಕರಿಸುವುದೇ ಸಾಕೆಂದು ವಿನ್ಯಾಸಕರು ನಿರ್ಧರಿಸಿದರು. ಅಂಕಿಅಂಶ ಮತ್ತು ಡೇಟಾದ ನಡುವೆ ಅಂತರ ಇದ್ದೇ ಇರುತ್ತದೆ ಎಂಬುದು ಹೀಗೆ ಮೊದಲ ದಿನದಿಂದಲೇ ತಿಳಿದು ಒಪ್ಪಿಕೊಂಡ ವಿಷಯ. ಇಂದಿನ ಬಹುತೇಕ ವ್ಯವಸ್ಥೆಗಳೂ ಇದೇ ಒಪ್ಪಂದದ ಮೇಲೆ ನಡೆಯುತ್ತವೆ.

ಮೌಲ್ಯಗಳ ಹಂಚಿಕೆಯನ್ನು ಸಮ ಸಂಖ್ಯೆಯ ಸಾಲುಗಳಿರುವ ಪಟ್ಟಿಗಳಾಗಿ ಒಡೆದು ತೋರಿಸುವ ಹಿಸ್ಟೋಗ್ರಾಮ್ ವಿಧಾನವನ್ನು ಪಿಯಾಟೆಟ್‌ಸ್ಕಿ-ಶಪಿರೊ ಮತ್ತು ಕಾನೆಲ್ 1984ರಲ್ಲಿ ವಿವರಿಸಿದರು. ಒರಾಕಲ್ 1992ರ 7ನೇ ಆವೃತ್ತಿಯಲ್ಲಿ ವೆಚ್ಚ ಆಧಾರಿತ ಆಪ್ಟಿಮೈಜರ್ ತಂದಿತು. ಎಸ್‌ಕ್ಯೂಎಲ್ ಸರ್ವರ್ 1998ರ 7.0 ಆವೃತ್ತಿಯಿಂದ, ಒರಾಕಲ್ 10ಜಿಯಿಂದ, ಪೋಸ್ಟ್‌ಗ್ರೆಸ್ 2008ರ 8.3ರಿಂದ ಅಂಕಿಅಂಶವನ್ನು ತಾವಾಗಿಯೇ ನವೀಕರಿಸುತ್ತ ಬಂದಿವೆ. ಇದರಿಂದ ಡೇಟಾಬೇಸ್ ನಿರ್ವಾಹಕರಾದ ಡಿಬಿಎಗಳ ಕೆಲಸ ಹಗುರವಾಯಿತು. ಜೊತೆಗೆ ಅಂಕಿಅಂಶದತ್ತ ಕಣ್ಣಿಡುವ ಅಭ್ಯಾಸವೂ ಕಡಿಮೆಯಾಯಿತು.

ಅಂಕಿಅಂಶದ ಒಳಗೆ

ಟೇಬಲ್ ಮಟ್ಟದಲ್ಲಿ ಸಾಲು ಮತ್ತು ಪುಟಗಳ ಎಣಿಕೆ ಇರುತ್ತದೆ. ಕಾಲಂ ಮಟ್ಟದಲ್ಲಿ ಖಾಲಿ ಮೌಲ್ಯಗಳ ಪಾಲು, ಬೇರೆ ಬೇರೆ ಮೌಲ್ಯಗಳ ಎಣಿಕೆ, ಹೆಚ್ಚು ಸಲ ಬರುವ ಮೌಲ್ಯಗಳ ಪಟ್ಟಿ, ಉಳಿದವಕ್ಕೆ ಹಿಸ್ಟೋಗ್ರಾಮ್, ಅತಿ ಚಿಕ್ಕ ಮತ್ತು ಅತಿ ದೊಡ್ಡ ಮೌಲ್ಯ ಇವುಗಳಲ್ಲಿ ಕೆಲವೋ ಎಲ್ಲವೋ ಇರುತ್ತವೆ. ಎಸ್‌ಕ್ಯೂಎಲ್ ಸರ್ವರ್‌ನ ಹಿಸ್ಟೋಗ್ರಾಮ್‌ಗೆ ಗರಿಷ್ಠ 200 ಮೆಟ್ಟಿಲು, ಒರಾಕಲ್‌ನಲ್ಲಿ 254 ಇದ್ದದ್ದು 12ಸಿಯಲ್ಲಿ 2048ಕ್ಕೆ ಏರಿತು, ಮೈಎಸ್‌ಕ್ಯೂಎಲ್ 8.0ರಲ್ಲಿ 1024. ಪೋಸ್ಟ್‌ಗ್ರೆಸ್ ಸಹಜ ಹೊಂದಾಣಿಕೆಯಲ್ಲಿ 100 ಪಟ್ಟಿಗಳನ್ನು ಗುರಿಯಾಗಿಟ್ಟುಕೊಂಡು 30,000 ಸಾಲುಗಳ ಮಾದರಿ ತೆಗೆಯುತ್ತದೆ. ಹತ್ತು ಕೋಟಿ ಸಾಲುಗಳ ಟೇಬಲಿನಲ್ಲಿ ಅದು ಸುಮಾರು 3,333 ಸಾಲಿಗೆ ಒಂದು. ಇಡೀ ಟೇಬಲಿನ ಚಿತ್ರ ನಿಂತಿರುವುದು ಇಷ್ಟರ ಮೇಲೆ.

ಪೋಸ್ಟ್‌ಗ್ರೆಸ್‌ನಲ್ಲಿ ಅಂಕಿಅಂಶ ಎಂಬ ಹೆಸರಿನ ಎರಡು ಬೇರೆ ವಸ್ತುಗಳಿವೆ. ಪತ್ತೆಯ ವೇಳೆ ಅವುಗಳನ್ನು ಬೆರೆಸಬಾರದು. ಒಂದು, ಆಪ್ಟಿಮೈಜರ್ ಓದುವ ಅಂಕಿಅಂಶ. ಇದು ಕ್ಯಾಟಲಾಗ್‌ನಲ್ಲಿ ಉಳಿದ ಟೇಬಲ್‌ಗಳಂತೆಯೇ ಸುರಕ್ಷಿತವಾಗಿ ಇರುತ್ತದೆ. ಇನ್ನೊಂದು, ಯಾವ ಟೇಬಲಿನಲ್ಲಿ ಎಷ್ಟು ಬದಲಾವಣೆ ನಡೆಯಿತು ಎಂದು ಎಣಿಸುವ ಚಟುವಟಿಕೆಯ ಲೆಕ್ಕ. ಸರ್ವರ್ ಹಠಾತ್ತನೆ ಬಿದ್ದು ಎದ್ದಾಗ ಈ ಎರಡನೆಯದು ಸೊನ್ನೆಯಿಂದ ಶುರುವಾಗುತ್ತದೆ. ‘ಅಂಕಿಅಂಶದ ಫೈಲು ಹಾಳಾಗಿದೆ’ ಎಂದು ಲಾಗ್‌ನಲ್ಲಿ ಬರುವ ಸಂದೇಶವೂ ಈ ಎರಡನೆಯದಕ್ಕೇ ಸೇರಿದ್ದು. ಅದರಿಂದ ಪ್ಲಾನ್, ಅಂದರೆ ಆಪ್ಟಿಮೈಜರ್ ಆರಿಸುವ ದಾರಿ, ಕೂಡಲೇ ಕೆಡುವುದಿಲ್ಲ. ಆದರೆ ಎಷ್ಟು ಬದಲಾವಣೆಯಾಗಿತ್ತೆಂಬ ನೆನಪು ಅಳಿದುಹೋಗುವುದರಿಂದ ಮುಂದಿನ ತಾನಾದ ನವೀಕರಣ ತಡವಾಗುತ್ತದೆ. ಹಾಗಾಗಿ ಮೊದಲನೆಯದು ನಿಧಾನವಾಗಿ ಹಳಸುತ್ತದೆ.

ಕೆಡುವ ಬಗೆಗಳು

ಹಳಸುವುದು: ಅತಿ ಸಾಮಾನ್ಯವಾದ ಬಗೆ. ತಾನಾದ ನವೀಕರಣ ಒಂದು ಮಿತಿ ದಾಟಿದ ಮೇಲಷ್ಟೇ ನಡೆಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಆ ಮಿತಿ ಸಹಜವಾಗಿ ಟೇಬಲಿನ 10 ಶೇಕಡಾ ಸಾಲುಗಳು ಮತ್ತು 50. ಮೈಎಸ್‌ಕ್ಯೂಎಲ್‌ನ ಸಂಗ್ರಹ ಎಂಜಿನ್ ಆದ ಇನೋಡಿಬಿಯಲ್ಲೂ 10 ಶೇಕಡಾ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಮೊದಲು 20 ಶೇಕಡಾ ಮತ್ತು 500 ಇತ್ತು. 2016ರ ಆವೃತ್ತಿಯಿಂದ ದೊಡ್ಡ ಟೇಬಲ್‌ಗಳಿಗೆ ಸಾಲುಗಳ ಸಂಖ್ಯೆಯನ್ನು ಸಾವಿರದಿಂದ ಗುಣಿಸಿ ತೆಗೆದ ವರ್ಗಮೂಲ ಮಿತಿಯಾಯಿತು. ಹತ್ತು ಕೋಟಿ ಸಾಲುಗಳಿಗೆ ಹಳೆಯ ನಿಯಮ ಎರಡು ಕೋಟಿ ಬದಲಾವಣೆಗಳವರೆಗೆ ಕಾಯುತ್ತಿತ್ತು. ಹೊಸದು ಸುಮಾರು 3.16 ಲಕ್ಷಕ್ಕೇ ಎಚ್ಚರಗೊಳ್ಳುತ್ತದೆ.

ಅಂಚಿನಾಚೆ ಬೆಳೆಯುವುದು: ದಿನಾಂಕ, ರಸೀದಿ ಸಂಖ್ಯೆಯಂಥ ಕಾಲಂಗಳಲ್ಲಿ ಹೊಸ ಮೌಲ್ಯಗಳೆಲ್ಲ ಹಿಸ್ಟೋಗ್ರಾಮ್‌ನ ಕೊನೆಯ ಮೆಟ್ಟಿಲಿನಾಚೆ ಸೇರುತ್ತವೆ. ಒಟ್ಟು ಬದಲಾವಣೆ ಶೇಕಡಾ ಒಂದೇ ಇದ್ದರೂ, ಜನ ಕೇಳುವುದು ಇಂದಿನ ಲೆಕ್ಕವನ್ನೇ ಆದ್ದರಿಂದ ಪೆಟ್ಟು ಪೂರ್ತಿ ಬೀಳುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ ಅಂದಾಜು ವಿಧಾನ ಇಂಥಲ್ಲಿ ಒಂದೇ ಸಾಲು ಸಿಗುತ್ತದೆಂದು ಎಣಿಸುತ್ತಿತ್ತು. 2014ರಲ್ಲಿ ಬಂದ ಹೊಸ ವಿಧಾನ ಸರಾಸರಿಯನ್ನು ಹಿಡಿಯುತ್ತದೆ.

ಮಾದರಿ ದಾರಿ ತಪ್ಪಿಸುವುದು: ಕೆಲವೇ ಮೌಲ್ಯಗಳು ಬಹುಪಾಲು ಸಾಲುಗಳನ್ನು ಆಕ್ರಮಿಸಿ, ಉಳಿದ ಲಕ್ಷಾಂತರ ಮೌಲ್ಯಗಳು ವಿರಳವಾಗಿದ್ದರೆ ಸಣ್ಣ ಮಾದರಿಯಿಂದ ಬೇರೆ ಬೇರೆ ಮೌಲ್ಯಗಳ ಎಣಿಕೆಯನ್ನು ಸರಿಯಾಗಿ ಅಂದಾಜಿಸುವುದು ಕಷ್ಟ. ಇನೋಡಿಬಿ ಸಹಜವಾಗಿ ಇಂಡೆಕ್ಸ್‌ನ 20 ಪುಟಗಳನ್ನಷ್ಟೇ ನೋಡುತ್ತದೆ. ಹಾಗಾಗಿ ಒಂದೇ ಡೇಟಾ ಇರುವ ಎರಡು ಸರ್ವರ್‌ಗಳು ಒಂದೇ ಕ್ವೆರಿಗೆ ಬೇರೆ ಬೇರೆ ಪ್ಲಾನ್ ಆರಿಸಿಕೊಳ್ಳುವುದೂ ಉಂಟು.

ಸುಳ್ಳು ಬರಹ: ಪರೀಕ್ಷಾ ಸರ್ವರ್‌ನ ಅಂಕಿಅಂಶವನ್ನು ಉತ್ಪಾದನಾ ಸರ್ವರ್‌ಗೆ ಆಮದು ಮಾಡುವುದು, ಯಾವುದೋ ಕಾಲದಲ್ಲಿ ಕೈಯಿಂದ ಹಾಕಿದ ಸಂಖ್ಯೆ ಹಾಗೇ ಉಳಿಯುವುದು, ಒರಾಕಲ್‌ನಲ್ಲಿ ಬೀಗ ಹಾಕಿಟ್ಟ ಅಂಕಿಅಂಶವನ್ನು ಎಲ್ಲರೂ ಮರೆಯುವುದು ಈ ಬಗೆಗೆ ಸೇರುತ್ತವೆ. ಸಾಫ್ಟ್‌ವೇರ್ ದೋಷವೂ ಸುಳ್ಳು ಬರೆಯಬಲ್ಲದು. ಒರಾಕಲ್ 11.2ರ ಆರಂಭದ ಬಿಡುಗಡೆಗಳಲ್ಲಿ ಡಿಸ್ಕ್ ಓದಿನ ವೇಗವನ್ನು ಅಳೆದು ಬರೆಯುವ ಸಿಸ್ಟಂ ಅಂಕಿಅಂಶ, ವಾಸ್ತವಕ್ಕಿಂತ ಸಾವಿರಾರು ಪಟ್ಟು ದೊಡ್ಡ ಸಂಖ್ಯೆಗಳನ್ನು ದಾಖಲಿಸುತ್ತಿತ್ತು. ಯಾವ ಟೇಬಲಿನ ಅಂಕಿಅಂಶ ನೋಡಿದರೂ ಸರಿಯಾಗಿರುತ್ತಿತ್ತು. ಪ್ಲಾನ್‌ಗಳು ಮಾತ್ರ ಎಲ್ಲೆಡೆ ಕೆಡುತ್ತಿದ್ದವು.

ಭೌತಿಕ ಹಾನಿ: ಅಂಕಿಅಂಶವೂ ಡಿಸ್ಕ್‌ನ ಪುಟಗಳಲ್ಲೇ ಇರುತ್ತದೆ. ಡಿಸ್ಕ್ ದೋಷ, ಅರ್ಧಕ್ಕೆ ನಿಂತ ಬರಹ, ಫೈಲುಗಳನ್ನು ಸರ್ವರ್ ನಡೆಯುತ್ತಿರುವಾಗಲೇ ನಕಲು ಮಾಡಿದ ಬ್ಯಾಕಪ್ ಇವುಗಳಿಂದ ಆ ಪುಟಗಳೂ ಹಾಳಾಗಬಹುದು. ಪಠ್ಯದ ವಿಂಗಡಣೆ ಕ್ರಮ ಬದಲಾಗುವುದು ಇದಕ್ಕೆ ಹತ್ತಿರದ ಇನ್ನೊಂದು ಬಗೆ. ಲಿನಕ್ಸ್‌ನ ಜಿಲಿಬ್‌ಸಿ 2.28 ಆವೃತ್ತಿ 2018ರಲ್ಲಿ ವಿಂಗಡಣೆಯ ನಿಯಮಗಳನ್ನು ದೊಡ್ಡ ಮಟ್ಟದಲ್ಲಿ ಬದಲಿಸಿತು. ಹಳೆಯ ಕ್ರಮದಲ್ಲಿ ಜೋಡಿಸಿದ ಪೋಸ್ಟ್‌ಗ್ರೆಸ್ ಪಠ್ಯ ಇಂಡೆಕ್ಸ್‌ಗಳು ಹೊಸ ಕ್ರಮದಲ್ಲಿ ತಪ್ಪಾದವು. ಅದೇ ಕ್ರಮವನ್ನು ನೆಚ್ಚಿದ ಹಿಸ್ಟೋಗ್ರಾಮ್ ಎಲ್ಲೆಗಳಿಗೂ ಇದೇ ಗತಿ.

ಅಂಕಿಅಂಶ ಸರಿಯಿದ್ದೂ ಕೆಟ್ಟಂತೆ ಕಾಣುವ ಸಂದರ್ಭಗಳು

ಇಲ್ಲಿ ಎಡವಿದರೆ ಪತ್ತೆಯೇ ತಪ್ಪುತ್ತದೆ. ಆಪ್ಟಿಮೈಜರ್ ಸಾಮಾನ್ಯವಾಗಿ ಕಾಲಂಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಭಾವಿಸಿ ಪಾಲುಗಳನ್ನು ಗುಣಿಸುತ್ತದೆ. ದೇಶದ ವಿಳಾಸಗಳ ಒಂದು ಕೋಟಿ ಸಾಲಿನ ಟೇಬಲಿನಲ್ಲಿ ಹತ್ತರಲ್ಲೊಂದು ಪಾಲು ಕರ್ನಾಟಕದ್ದು, ಐವತ್ತರಲ್ಲೊಂದು ಬೆಂಗಳೂರು ನಗರ ಜಿಲ್ಲೆಯದು, ಸಾವಿರದಲ್ಲೊಂದು 560001 ಎಂಬ ಪಿನ್‌ಕೋಡ್‌ನದು ಎಂದಿಟ್ಟುಕೊಳ್ಳೋಣ. ಮೂರೂ ಷರತ್ತು ಹಾಕಿದರೆ ಗುಣಾಕಾರದಿಂದ ಬರುವ ಅಂದಾಜು 20 ಸಾಲು. ಆದರೆ ಆ ಪಿನ್‌ಕೋಡ್ ಹೇಳಿದ ಮೇಲೆ ರಾಜ್ಯ, ಜಿಲ್ಲೆ ಎರಡೂ ತೀರ್ಮಾನವಾದಂತೆಯೇ. ನಿಜವಾಗಿ ಸಿಗುವುದು 10,000 ಸಾಲು. ಪ್ರತಿ ಕಾಲಂನ ಅಂಕಿಅಂಶವೂ ನಿಖರವಾಗಿದೆ, ಎಷ್ಟು ಸಲ ನವೀಕರಿಸಿದರೂ ಈ 500 ಪಟ್ಟಿನ ಅಂತರ ಹೋಗದು. ಇದಕ್ಕೆ ಹಲವು ಕಾಲಂಗಳನ್ನು ಒಟ್ಟಿಗೆ ನೋಡುವ ಅಂಕಿಅಂಶ ಬೇಕು. ಪೋಸ್ಟ್‌ಗ್ರೆಸ್ ಅದನ್ನು 2017ರ 10ನೇ ಆವೃತ್ತಿಯಲ್ಲಿ ತಂದಿತು.

ಗುರುತಿಗಾಗಿ ಹಾಕುವ ಕೃತಕ ಮೌಲ್ಯಗಳದ್ದು ಇನ್ನೊಂದು ತಂಟೆ. ‘ಮುಕ್ತಾಯದ ದಿನ ಇಲ್ಲ’ ಎನ್ನಲು 9999ರ ಡಿಸೆಂಬರ್ 31 ಎಂದು ಬರೆಯುವ ರೂಢಿ ಹಲವು ಅಪ್ಲಿಕೇಷನ್‌ಗಳಲ್ಲಿದೆ. ದಿನಾಂಕಗಳು 2000ದಿಂದ ಶುರುವಾಗಿ, ಹಿಸ್ಟೋಗ್ರಾಮ್ ಇಲ್ಲದೆ ಕನಿಷ್ಠ ಮತ್ತು ಗರಿಷ್ಠ ಮೌಲ್ಯವಷ್ಟೇ ಇದ್ದರೆ, ವ್ಯಾಪ್ತಿ ಸುಮಾರು 29 ಲಕ್ಷ ದಿನಗಳಿಗೆ ಹಿಗ್ಗುತ್ತದೆ. ಒಂದು ಕೋಟಿ ಸಾಲುಗಳಲ್ಲಿ ಒಂದು ತಿಂಗಳಿನವು ಎಷ್ಟೆಂದರೆ ಆಪ್ಟಿಮೈಜರ್ ಸುಮಾರು ನೂರು ಎನ್ನುತ್ತದೆ, ಇರುವುದು ಅದರ ಎಷ್ಟೋ ಪಟ್ಟು.

ಮೂರನೆಯದು ನೆನಪಿನಲ್ಲಿಟ್ಟ ಪ್ಲಾನ್. ಎಸ್‌ಕ್ಯೂಎಲ್ ಸರ್ವರ್ ಮತ್ತು ಒರಾಕಲ್ ಮೊದಲ ಸಲ ಬಂದ ಪ್ಯಾರಾಮೀಟರ್ ನೋಡಿ ಪ್ಲಾನ್ ಮಾಡಿ, ಅದನ್ನೇ ಮುಂದಿನವಕ್ಕೂ ಬಳಸುತ್ತವೆ. ಮೊದಲು ಬಂದದ್ದು ವಿರಳ ಮೌಲ್ಯವಾಗಿದ್ದರೆ ಮುಂದಿನ ಸಾಮಾನ್ಯ ಮೌಲ್ಯಗಳು ನರಳುತ್ತವೆ. ಅಂಕಿಅಂಶ ನವೀಕರಿಸಿದಾಗ ನೆನಪಿನ ಪ್ಲಾನ್ ಬಿದ್ದುಹೋಗಿ ವೇಗ ಮರಳುವುದರಿಂದ ತಪ್ಪು ಅಂಕಿಅಂಶದ್ದೇ ಎಂದು ತೀರ್ಪು ಕೊಡುವುದು ಸುಲಭ. ನವೀಕರಣದಿಂದ ಗುಣ ಕಂಡಿತೆಂಬುದು ಅಂಕಿಅಂಶ ಕೆಟ್ಟಿತ್ತು ಎಂಬುದಕ್ಕೆ ಪುರಾವೆಯಲ್ಲ.

ಪತ್ತೆಯ ಕ್ರಮ

ಮೊದಲ ಹೆಜ್ಜೆ ಅಂದಾಜು ಮತ್ತು ವಾಸ್ತವವನ್ನು ಅಕ್ಕಪಕ್ಕ ಇಟ್ಟು ನೋಡುವುದು. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್‌ನಲ್ಲಿ ಎಕ್ಸ್‌ಪ್ಲೇನ್ ಅನಲೈಜ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಆ್ಯಕ್ಚುವಲ್ ಪ್ಲಾನ್, ಒರಾಕಲ್‌ನಲ್ಲಿ ಗ್ಯಾದರ್ ಪ್ಲಾನ್ ಸ್ಟ್ಯಾಟಿಸ್ಟಿಕ್ಸ್ ಸೂಚನೆಯೊಂದಿಗೆ ಪಡೆದ ವರದಿ ಇದನ್ನು ಕೊಡುತ್ತವೆ. ಪ್ಲಾನ್ ಮರವನ್ನು ಬುಡದಿಂದ, ಅಂದರೆ ಟೇಬಲನ್ನು ನೇರವಾಗಿ ಓದುವ ಹಂತಗಳಿಂದ, ಮೇಲಕ್ಕೆ ಓದಬೇಕು. ಅಂದಾಜು ಮೊದಲು ಜಾರಿದ ಹಂತವೇ ಮುಖ್ಯ. ಮೇಲಿನವು ಅದರ ಪರಿಣಾಮ. ಒಂದೇ ಟೇಬಲಿನ ಹಂತದಲ್ಲಿ ಜಾರಿದ್ದರೆ ಆ ಟೇಬಲಿನ ಅಂಕಿಅಂಶವನ್ನು ಶಂಕಿಸಬಹುದು. ಬುಡದಲ್ಲಿ ಎಲ್ಲ ಸರಿಯಿದ್ದು ಜಾಯಿನ್‌ನಲ್ಲಿ ಜಾರಿದರೆ ಕಾಲಂಗಳ ನಡುವಿನ ಸಂಬಂಧವನ್ನು ನೋಡಬೇಕು. ಎಲ್ಲ ಅಂದಾಜುಗಳೂ ಸರಿಯಿದ್ದೂ ಪ್ಲಾನ್ ಕೆಟ್ಟಿದ್ದರೆ ಸಿಸ್ಟಂ ಅಂಕಿಅಂಶ ಅಥವಾ ವೆಚ್ಚದ ಹೊಂದಾಣಿಕೆ ಶಂಕಿತ. ಕೆಲವು ವರದಿಗಳಲ್ಲಿ ವಾಸ್ತವ ಸಾಲುಗಳ ಸಂಖ್ಯೆ ಪ್ರತಿ ಸುತ್ತಿಗೆ ಲೆಕ್ಕವಾಗಿರುತ್ತದೆ. ಸುತ್ತುಗಳಿಂದ ಗುಣಿಸದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಎರಡನೆಯ ಹೆಜ್ಜೆ ಶಂಕಿತ ಅಂಕಿಅಂಶದ ನಕಲು ತೆಗೆದಿಡುವುದು. ಎಸ್‌ಕ್ಯೂಎಲ್ ಸರ್ವರ್‌ನ ಕ್ಲೋನ್‌ಡೇಟಾಬೇಸ್ ಆದೇಶ ಡೇಟಾ ಇಲ್ಲದೆ ರಚನೆ ಮತ್ತು ಅಂಕಿಅಂಶವನ್ನಷ್ಟೇ ನಕಲಿಸುತ್ತದೆ. ಒರಾಕಲ್ ಸಹಜವಾಗಿ 31 ದಿನಗಳ ಹಳೆಯ ಅಂಕಿಅಂಶವನ್ನು ತಾನೇ ಉಳಿಸಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ_ಸ್ಟ್ಯಾಟ್ಸ್ ನೋಟದಿಂದ ಸಾಲುಗಳನ್ನು ಬೇರೆ ಟೇಬಲಿಗೆ ಬರೆದುಕೊಳ್ಳಬಹುದು. ಮೌಲ್ಯಪಟ್ಟಿಗಳ ಕಾಲಂಗಳು ವಿಶೇಷ ಬಗೆಯವಾದ್ದರಿಂದ ಅವನ್ನು ಪಠ್ಯವಾಗಿ ಪರಿವರ್ತಿಸಿಯೇ ಉಳಿಸಬೇಕು, ಇಲ್ಲವಾದರೆ ಟೇಬಲ್ ಸೃಷ್ಟಿಯಾಗುವುದಿಲ್ಲ.

ಮೂರನೆಯದು ಆಂತರಿಕ ತಾಳೆ. ಡೇಟಾವನ್ನು ಮುಟ್ಟದೆಯೇ ಸಂಖ್ಯೆಗಳನ್ನು ಪರಸ್ಪರ ಹೋಲಿಸಿ ಅಸಾಧ್ಯವಾದುದನ್ನು ಹಿಡಿಯಬಹುದು. ಬೇರೆ ಬೇರೆ ಮೌಲ್ಯಗಳ ಎಣಿಕೆ ಸಾಲುಗಳ ಎಣಿಕೆಯನ್ನು ಮೀರಬಾರದು. ಖಾಲಿ ಮೌಲ್ಯಗಳ ಪಾಲು ಮತ್ತು ಸಾಮಾನ್ಯ ಮೌಲ್ಯಗಳ ಪಾಲುಗಳು ಸೇರಿ ಒಂದನ್ನು ದಾಟಬಾರದು. ಹಿಸ್ಟೋಗ್ರಾಮ್ ಎಲ್ಲೆಗಳು ಏರುಕ್ರಮದಲ್ಲಿರಬೇಕು. ಕನಿಷ್ಠ ಮೌಲ್ಯ ಗರಿಷ್ಠಕ್ಕಿಂತ ಹೆಚ್ಚಿರಬಾರದು. ಪ್ರಾಥಮಿಕ ಕೀಲಿಯ ಕಾಲಂನಲ್ಲಿ ಬೇರೆ ಬೇರೆ ಮೌಲ್ಯಗಳು ಸಾಲುಗಳಷ್ಟೇ ಇರಬೇಕು. ಹಳಸಿದ ಅಂಕಿಅಂಶ ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಪಾಸಾಗುತ್ತದೆ, ಏಕೆಂದರೆ ಅದು ಒಂದು ಕಾಲಕ್ಕೆ ನಿಜವಾಗಿತ್ತು. ಕೈಯಿಂದ ಬರೆದ, ಆಮದಾದ ಅಥವಾ ಹಾನಿಗೊಂಡ ಅಂಕಿಅಂಶವೇ ಇಲ್ಲಿ ಸಿಕ್ಕಿಬೀಳುವುದು ಹೆಚ್ಚು. ಮಾದರಿಯ ಏರುಪೇರು, ಬೇರೆ ಬೇರೆ ಹೊತ್ತಿನಲ್ಲಿ ಸಂಗ್ರಹವಾದ ಟೇಬಲ್ ಮತ್ತು ಇಂಡೆಕ್ಸ್ ಎಣಿಕೆಗಳು ಸಣ್ಣ ವ್ಯತ್ಯಾಸ ತೋರಬಹುದು. ಅವನ್ನು ಹಾನಿ ಎನ್ನಲಾಗದು.

ನಾಲ್ಕನೆಯದು ಡೇಟಾದೊಂದಿಗೆ ತಾಳೆ. ಶಂಕಿತ ಕಾಲಂ ಒಂದನ್ನೇ ಆರಿಸಿ ಒಟ್ಟು ಸಾಲು, ಬೇರೆ ಬೇರೆ ಮೌಲ್ಯ, ಕನಿಷ್ಠ, ಗರಿಷ್ಠ ಮತ್ತು ಮೇಲಿನ ಕೆಲವು ಸಾಮಾನ್ಯ ಮೌಲ್ಯಗಳನ್ನು ನೇರವಾಗಿ ಎಣಿಸಿ ಹೋಲಿಸಬೇಕು. ದೊಡ್ಡ ಟೇಬಲಿನಲ್ಲಿ ಇದು ಭಾರವಾದ ಕೆಲಸ. ದಟ್ಟಣೆ ಇಲ್ಲದ ವೇಳೆಯಲ್ಲಿ ಅಥವಾ ರೆಪ್ಲಿಕಾದಲ್ಲಿ ಮಾಡುವುದು ವಾಡಿಕೆ. ಕೊನೆಗೆ, ಸಂಗ್ರಹವಾದ ದಿನ ಮತ್ತು ಅನಂತರದ ಬದಲಾವಣೆಗಳ ಎಣಿಕೆ ನೋಡಿದರೆ ಕಾರಣ ಸ್ಪಷ್ಟವಾಗುತ್ತದೆ.

ಒಂದು ಉದಾಹರಣೆ

ಒಂದು ಕೋಟಿ ಸಾಲುಗಳ ಆರ್ಡರ್ ಟೇಬಲ್ ಪೋಸ್ಟ್‌ಗ್ರೆಸ್‌ನಲ್ಲಿದೆ ಎಂದುಕೊಳ್ಳೋಣ. ಸ್ಥಿತಿ ಎಂಬ ಕಾಲಂನಲ್ಲಿ ‘ಬಾಕಿ’, ‘ರವಾನೆ’, ‘ಮುಗಿದಿದೆ’, ‘ರದ್ದು’ ಎಂಬ ನಾಲ್ಕೇ ಮೌಲ್ಯ. ಬಾಕಿ ಆರ್ಡರ್‌ಗಳನ್ನು ರಾತ್ರಿಯ ಬ್ಯಾಚ್ ತೀರಿಸಿಬಿಡುತ್ತದೆ; ಅದು ಮುಗಿದೊಡನೆ ಅಂಕಿಅಂಶ ಸಂಗ್ರಹಿಸುವ ಅನಲೈಜ್ ಆದೇಶ ನಡೆಯುತ್ತದೆ. ಆ ಗಳಿಗೆಯಲ್ಲಿ ಟೇಬಲಿನಲ್ಲಿ ‘ಬಾಕಿ’ ಸಾಲು ಒಂದೂ ಇರುವುದಿಲ್ಲ, ಹಾಗಾಗಿ ಸಾಮಾನ್ಯ ಮೌಲ್ಯಗಳ ಪಟ್ಟಿಯಲ್ಲಿ ಉಳಿದ ಮೂರು ಮಾತ್ರ ಸೇರಿ, ಅವುಗಳ ಪಾಲುಗಳ ಮೊತ್ತ ಪೂರ್ತಿ ಒಂದಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ 50,000 ಬಾಕಿ ಆರ್ಡರ್‌ಗಳು ಸೇರಿವೆ. ‘ಬಾಕಿ’ ಎಂದು ಹುಡುಕಿ ಇನ್ನೊಂದು ಟೇಬಲಿನೊಂದಿಗೆ ಜೋಡಿಸುವ ವರದಿಗೆ ಆಪ್ಟಿಮೈಜರ್ ಹಾಕುವ ಅಂದಾಜು 1 ಸಾಲು. ಪಟ್ಟಿಯಲ್ಲಿಲ್ಲದ ಮೌಲ್ಯಕ್ಕೆ ಉಳಿದ ಪಾಲು ಸೊನ್ನೆ. ಸೊನ್ನೆ ಸಾಲು ಎನ್ನಲು ಅದಕ್ಕೆ ಅನುಮತಿ ಇಲ್ಲವಾದ್ದರಿಂದ ಕನಿಷ್ಠವಾದ 1 ಬರುತ್ತದೆ. ಒಂದೇ ಸಾಲಿಗೆ ನೆಸ್ಟೆಡ್ ಲೂಪ್ ಅಗ್ಗ ಎಂದು ಅದು ತೀರ್ಮಾನಿಸುತ್ತದೆ. ಒಳಗಿನ ಟೇಬಲಿನ ಹುಡುಕಾಟ 50,000 ಸಲ ನಡೆಯುತ್ತದೆ. ಹ್ಯಾಶ್ ಜಾಯಿನ್ ಆಗಿದ್ದರೆ ಆ ಟೇಬಲನ್ನು ಒಂದು ಸಲ ಓದಿದರೆ ಸಾಕಾಗುತ್ತಿತ್ತು.

ಎಕ್ಸ್‌ಪ್ಲೇನ್ ಅನಲೈಜ್ ಬುಡದ ಹಂತದಲ್ಲೇ 1ಕ್ಕೆ 50,000 ಎಂಬ ಅಂತರ ತೋರಿಸುತ್ತದೆ. ಆಂತರಿಕ ತಾಳೆಯಲ್ಲಿ ತಪ್ಪಿಲ್ಲ. ಡೇಟಾದೊಂದಿಗೆ ಹೋಲಿಸಿದಾಗ ‘ಬಾಕಿ’ ಪಟ್ಟಿಯಲ್ಲಿಲ್ಲ ಎಂಬುದು ಕಾಣುತ್ತದೆ. ಕೊನೆಯ ಅನಲೈಜ್ ರಾತ್ರಿ ನಡೆದಿದೆ, ಆಮೇಲಿನ ಬದಲಾವಣೆ ಸುಮಾರು 50,000. ತಾನಾದ ನವೀಕರಣದ ಮಿತಿಯೋ 10,00,050. ಅಂದರೆ ಕಾದು ಕುಳಿತರೆ ಇದು ಇಂದು ಸರಿಯಾಗುವುದಿಲ್ಲ. ಈಗಲೇ ಅನಲೈಜ್ ಓಡಿಸಿದರೆ ವರದಿ ಚುರುಕಾಗುತ್ತದೆ; ನಾಳೆ ಬೆಳಿಗ್ಗೆ ಅದೇ ಕಥೆ. ಸಾಕ್ಷ್ಯ ನೋಡಿದವರು ಮಾತ್ರ ಅನಲೈಜ್‌ನ ಹೊತ್ತನ್ನು ಬದಲಿಸಬೇಕೆಂಬ ಅಥವಾ ಈ ಟೇಬಲಿಗೆ ಮಿತಿಯನ್ನು ತಗ್ಗಿಸಬೇಕೆಂಬ ನಿರ್ಧಾರಕ್ಕೆ ಬರಬಲ್ಲರು.

ಭೌತಿಕ ಹಾನಿಯ ಗುರುತುಗಳು

ಹಾನಿ ನಿಜವಾಗಿ ಡಿಸ್ಕ್‌ನಲ್ಲಿದ್ದರೆ ಲಕ್ಷಣ ಬೇರೆ. ಕ್ವೆರಿ ನಿಧಾನವಾಗುವ ಬದಲು ಶುರುವಿನಲ್ಲೇ ದೋಷ ಸಂದೇಶ ಕೊಟ್ಟು ನಿಲ್ಲುತ್ತದೆ. ಸರಳವಾದ ಪರೀಕ್ಷೆ ಒಂದಿದೆ: ಕ್ವೆರಿಯನ್ನು ನಡೆಸದೆ ಬರೀ ಎಕ್ಸ್‌ಪ್ಲೇನ್ ಕೇಳುವುದು. ಅದೇ ವಿಫಲವಾದರೆ ತೊಂದರೆ ಪ್ಲಾನ್ ಮಾಡುವ ಹಂತದ್ದು, ಅಂದರೆ ಕ್ಯಾಟಲಾಗ್ ಅಥವಾ ಅಂಕಿಅಂಶದ್ದು. ಎಕ್ಸ್‌ಪ್ಲೇನ್ ಬಂದು, ನಡೆಸಿದಾಗ ವಿಫಲವಾದರೆ ಟೇಬಲ್ ಅಥವಾ ಇಂಡೆಕ್ಸ್‌ನ ಪುಟಗಳನ್ನು ನೋಡಬೇಕು.

ಪೋಸ್ಟ್‌ಗ್ರೆಸ್‌ನಲ್ಲಿ ಇದರ ಗುರುತು ಹಲವರಿಗೆ ಪರಿಚಿತ: ಪಿಜಿ_ಟೋಸ್ಟ್_2619ರಲ್ಲಿ ತುಣುಕೊಂದು ಕಾಣೆಯಾಗಿದೆ ಎಂಬ ಸಂದೇಶ. ಉದ್ದವಾದ ಮೌಲ್ಯಗಳನ್ನು ಪೋಸ್ಟ್‌ಗ್ರೆಸ್ ಪ್ರತ್ಯೇಕ ಟೋಸ್ಟ್ ಟೇಬಲಿನಲ್ಲಿ ತುಂಡು ಮಾಡಿ ಇಡುತ್ತದೆ. 2619 ಎಂಬುದು ಅಂಕಿಅಂಶದ ಕ್ಯಾಟಲಾಗ್ ಟೇಬಲಾದ ಪಿಜಿ_ಸ್ಟ್ಯಾಟಿಸ್ಟಿಕ್‌ನ ಸಂಖ್ಯೆ. ಹಾಳಾದದ್ದು ಬಳಕೆದಾರರ ಡೇಟಾ ಅಲ್ಲ, ಅದರ ಸಾರಾಂಶ ಎಂದು ಆ ಒಂದು ಸಂಖ್ಯೆಯೇ ಹೇಳುತ್ತದೆ. ಸಾರಾಂಶವನ್ನು ಮೂಲದಿಂದ ಮತ್ತೆ ಕಟ್ಟಬಹುದಾದ್ದರಿಂದ, ಸೂಪರ್‌ಯೂಸರ್ ಆಗಿ ಹಾಳಾದ ಸಾಲುಗಳನ್ನು ಅಳಿಸಿ ಅನಲೈಜ್ ಓಡಿಸಿದರೆ ಕೆಲಸ ನಡೆಯುತ್ತದೆ. ಆದರೆ ಅಂಕಿಅಂಶದ ಪುಟವನ್ನು ಕೆಡಿಸಿದ ಡಿಸ್ಕ್ ಪಕ್ಕದ ಪುಟಗಳನ್ನು ಬಿಟ್ಟಿದೆ ಎಂಬ ಖಾತ್ರಿ ಇಲ್ಲ. ಬ್ಯಾಕಪ್, ಚೆಕ್‌ಸಮ್ ಪರೀಕ್ಷೆ, ಇಂಡೆಕ್ಸ್ ಪರೀಕ್ಷೆ, ಹಾರ್ಡ್‌ವೇರ್ ಲಾಗ್ ನೋಡದೆ ಪ್ರಕರಣ ಮುಗಿಯಿತೆನ್ನಬಾರದು.

ಮೈಎಸ್‌ಕ್ಯೂಎಲ್ 5.6ರಿಂದ ಇನೋಡಿಬಿಯ ಅಂಕಿಅಂಶ ಎರಡು ಸಾಮಾನ್ಯ ಟೇಬಲ್‌ಗಳಲ್ಲಿ ಉಳಿಯುತ್ತದೆ. ಅವು ಕಾಣೆಯಾದರೆ ಅಥವಾ ರಚನೆ ತಪ್ಪಿದರೆ ಸರ್ವರ್ ಲಾಗ್‌ನಲ್ಲಿ ದೂರು ಬರೆದು, ತಾತ್ಕಾಲಿಕ ಅಂಕಿಅಂಶದಿಂದ ಕೆಲಸ ಮುಂದುವರಿಸುತ್ತದೆ. ಎಸ್‌ಕ್ಯೂಲೈಟ್‌ನ ಅಂಕಿಅಂಶವೂ ಯಾರು ಬೇಕಾದರೂ ತಿದ್ದಬಹುದಾದ ಸಾಮಾನ್ಯ ಟೇಬಲ್. ತಿದ್ದಲು ಬರುತ್ತದೆಂಬುದು ಪ್ರಯೋಗಕ್ಕೆ ಅನುಕೂಲ, ಹಾನಿಗೂ ದಾರಿ.

ಕನ್ನಡ ಪಠ್ಯವಿರುವ ಕಾಲಂಗಳು

ಯೂನಿಕೋಡ್‌ನ ಯುಟಿಎಫ್-8 ಬರಹದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಕಾಗುಣಿತದ ಗುರುತು, ಹಲಂತ ಎಲ್ಲಕ್ಕೂ ಪ್ರತ್ಯೇಕ 3 ಬೈಟ್. ಒರಾಕಲ್ 12ಸಿಗೆ ಮುಂಚೆ ಪಠ್ಯ ಕಾಲಂಗಳ ಹಿಸ್ಟೋಗ್ರಾಮ್‌ಗೆ ಮೊದಲ 32 ಬೈಟ್‌ಗಳನ್ನಷ್ಟೇ ನೋಡುತ್ತಿತ್ತು. ಆಮೇಲೆ ಅದು 64 ಆಯಿತು. ‘ಕರ್ನಾಟಕ’ ಎಂಬ ಪದಕ್ಕೇ 21 ಬೈಟ್ ಹೋಗುತ್ತದೆ. ಒಂದು ಖಾಲಿ ಜಾಗ ಸೇರಿಸಿ ‘ಸರ್ಕಾರ’ ಎಂದು ಬರೆಯಹೊರಟರೆ ‘ಸರ್’ ಎನ್ನುವಷ್ಟರಲ್ಲಿ 31 ಆಗಿಬಿಡುತ್ತದೆ. ಇಲಾಖೆಗಳ ಹೆಸರೆಲ್ಲ ‘ಕರ್ನಾಟಕ ಸರ್ಕಾರ’ ಎಂದೇ ಶುರುವಾಗುವ ಕಾಲಂನಲ್ಲಿ ಹಳೆಯ ಹಿಸ್ಟೋಗ್ರಾಮ್‌ಗೆ ಎಲ್ಲ ಇಲಾಖೆಗಳೂ ಒಂದೇ. ಅದೇ ಹೆಸರುಗಳು ಇಂಗ್ಲಿಷ್‌ನಲ್ಲಿದ್ದರೆ ಅಷ್ಟು ಬೈಟ್‌ಗಳಲ್ಲಿ ಮೂರು ಪಟ್ಟು ಅಕ್ಷರಗಳು ಹಿಡಿಯುತ್ತಿದ್ದವು. ಇಂಥ ಕಾಲಂನಲ್ಲಿ ಪಠ್ಯದ ಬದಲು ಇಲಾಖೆಯ ಸಂಕೇತ ಸಂಖ್ಯೆಯ ಮೇಲೆ ಹುಡುಕುವುದು ಒಳ್ಳೆಯ ಪರಿಹಾರ.

ಉತ್ತರವೇ ತಪ್ಪುವ ಸಂದರ್ಭಗಳು

ಅಂಕಿಅಂಶ ಉತ್ತರವನ್ನು ಕೆಡಿಸದು ಎಂಬ ಮಾತಿಗೆ ಹೊರತುಗಳಿವೆ. ಸಾರಾಂಶವನ್ನು ಪ್ಲಾನ್ ಆರಿಸಲಿಕ್ಕಲ್ಲದೆ ಉತ್ತರ ಕೊಡಲಿಕ್ಕೂ ಬಳಸಿದರೆ ಅದರ ತಪ್ಪು ನೇರವಾಗಿ ಉತ್ತರಕ್ಕೆ ಇಳಿಯುತ್ತದೆ. ಫೋಲ್ಡರ್‌ನ ಫೈಲುಗಳನ್ನೇ ಟೇಬಲ್‌ನಂತೆ ಓದುವ ಅಪಾಚೆ ಹೈವ್‌ನಲ್ಲಿ ಸಾಲುಗಳ ಎಣಿಕೆ, ಕನಿಷ್ಠ, ಗರಿಷ್ಠಗಳನ್ನು ಡೇಟಾ ಓದದೆ ಮೆಟಾಸ್ಟೋರ್‌ನ ಅಂಕಿಅಂಶದಿಂದಲೇ ಹೇಳುವ ಹೊಂದಾಣಿಕೆ ಇದೆ. ಹೈವ್‌ಗೆ ತಿಳಿಸದೆ ಯಾರಾದರೂ ಫೋಲ್ಡರ್‌ಗೆ ಫೈಲು ಸೇರಿಸಿದರೆ ಎಣಿಕೆ ಸುಳ್ಳಾಗುತ್ತದೆ.

ಪಾರ್ಕೆ ಎಂಬ ಡೇಟಾ ಫೈಲು ರೂಪದ ಪ್ರಕರಣ ಇನ್ನಷ್ಟು ಬೋಧಪ್ರದ. ಅದರಲ್ಲಿ ಸಾಲುಗಳ ಗುಂಪೊಂದರ ಕನಿಷ್ಠ, ಗರಿಷ್ಠಗಳನ್ನು ಬರೆದಿಟ್ಟು, ಹುಡುಕುವ ಮೌಲ್ಯ ಆ ವ್ಯಾಪ್ತಿಯಲ್ಲಿಲ್ಲದಿದ್ದರೆ ಗುಂಪನ್ನೇ ಬಿಟ್ಟು ಮುಂದೆ ಹೋಗುತ್ತಾರೆ. ಹಳೆಯ ಬರಹಗಾರ ತಂತ್ರಾಂಶ ಪಠ್ಯದ ಬೈಟ್‌ಗಳನ್ನು ಚಿಹ್ನೆಸಹಿತ ಸಂಖ್ಯೆಗಳಂತೆ ಹೋಲಿಸುತ್ತಿತ್ತು. ಕನ್ನಡ ಅಕ್ಷರಗಳ ಮೊದಲ ಬೈಟ್ 224. ಚಿಹ್ನೆಸಹಿತವಾಗಿ ಓದಿದರೆ ಅದು ಋಣ 32. ಕನ್ನಡ ಮತ್ತು ಇಂಗ್ಲಿಷ್ ಬೆರೆತ ಕಾಲಂನಲ್ಲಿ ಕನ್ನಡ ಮೌಲ್ಯ ಕನಿಷ್ಠವಾಗಿ, ಇಂಗ್ಲಿಷ್ ಮೌಲ್ಯ ಗರಿಷ್ಠವಾಗಿ ದಾಖಲಾಗುತ್ತಿತ್ತು. ಸರಿಯಾದ ಕ್ರಮದಲ್ಲಿ ಓದುವವರಿಗೆ ಹುಡುಕುವ ಕನ್ನಡ ಪದ ಗರಿಷ್ಠವನ್ನು ಮೀರಿದಂತೆ ಕಂಡು, ಇರುವ ಸಾಲು ಇಲ್ಲವೆಂದಾಗುವ ಅಪಾಯ. ಪಾರ್ಕೆ 1.8.0ಕ್ಕಿಂತ ಹಳೆಯ ಬರಹಗಾರ ತಂತ್ರಾಂಶದಲ್ಲಿ ಪಠ್ಯ ಅಂಕಿಅಂಶವನ್ನು ಹಾಳುಮಾಡುವ ಇನ್ನೊಂದು ದೋಷವೂ ಇತ್ತು. ಕೊನೆಗೆ ಓದುವ ತಂತ್ರಾಂಶಗಳಿಗೆ ಹಳೆಯ ಪಠ್ಯ ಅಂಕಿಅಂಶವನ್ನು ಕಡೆಗಣಿಸಲು ಕಲಿಸಿ, ಹೊಸ ಕ್ರಮಕ್ಕೆ ಬೇರೆ ಕ್ಷೇತ್ರಗಳನ್ನು ಸೇರಿಸಲಾಯಿತು.

ದುರಸ್ತಿ

ಹಳಸಿದ್ದರೆ ನವೀಕರಣ, ಅದರ ಜೊತೆಗೆ ಮತ್ತೆ ಹಳಸದಂತೆ ಆ ಟೇಬಲಿನ ಮಿತಿಯ ತಿದ್ದುಪಡಿ. ಮಾದರಿ ಸಾಲದಿದ್ದರೆ ಹೆಚ್ಚಿನ ಮಾದರಿ. ಪೋಸ್ಟ್‌ಗ್ರೆಸ್‌ನಲ್ಲಿ ಬೇರೆ ಬೇರೆ ಮೌಲ್ಯಗಳ ಎಣಿಕೆಯನ್ನು ಕಾಲಂಗೆ ಕೈಯಾರೆ ಗೊತ್ತುಪಡಿಸಲೂಬಹುದು. ಒರಾಕಲ್‌ನಲ್ಲಿ ನವೀಕರಣದಿಂದಲೇ ಪ್ಲಾನ್ ಕೆಟ್ಟಿದ್ದರೆ ಹಿಂದಿನ ದಿನದ ಅಂಕಿಅಂಶವನ್ನು ಮರಳಿ ತರಬಹುದು; 11ಜಿಯಿಂದ ಹೊಸದನ್ನು ಪ್ರಕಟಿಸುವ ಮೊದಲು ತಡೆಹಿಡಿದು ಪರೀಕ್ಷಿಸುವ ಸೌಲಭ್ಯವೂ ಇದೆ. ಅಲ್ಲಿ ಹಳೆಯ ಪ್ಲಾನ್‌ಗಳು ಸಹಜವಾಗಿ 5 ಗಂಟೆಗಳ ಅವಧಿಯಲ್ಲಿ ಒಂದೊಂದಾಗಿ ಬಿದ್ದುಹೋಗುವುದರಿಂದ, ದುರಸ್ತಿಯಾದ ಕೂಡಲೇ ಫಲ ಕಾಣಲಿಲ್ಲವೆಂದು ಮತ್ತೇನನ್ನೋ ಬದಲಿಸಲು ಹೊರಡಬಾರದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸಾಲು, ಪುಟಗಳ ಎಣಿಕೆ ತಪ್ಪಿದ್ದರೆ ಅಪ್‌ಡೇಟ್‌ಯೂಸೇಜ್ ಆದೇಶ ಅದನ್ನು ಸರಿಪಡಿಸುತ್ತದೆ. ಹಿಸ್ಟೋಗ್ರಾಮ್‌ಗೆ ಅದು ಮದ್ದಲ್ಲ.

ಸಂಶೋಧನೆ

ಜಾಯಿನ್‌ಗಳು ಹೆಚ್ಚಿದಂತೆ ಅಂದಾಜಿನ ದೋಷ ಘಾತೀಯವಾಗಿ ಬೆಳೆಯಬಲ್ಲದೆಂದು ಅಯೊನಿಡಿಸ್ ಮತ್ತು ಕ್ರಿಸ್ಟೊಡುಲಾಕಿಸ್ 1991ರಲ್ಲಿ ತೋರಿಸಿದರು. ಓಡಿದ ಕ್ವೆರಿಗಳಿಂದಲೇ ಕಲಿತು ಅಂದಾಜನ್ನು ತಿದ್ದಿಕೊಳ್ಳುವ ಲಿಯೊ ಎಂಬ ವ್ಯವಸ್ಥೆಯನ್ನು ಐಬಿಎಂ 2001ರಲ್ಲಿ ಡಿಬಿ2ಕ್ಕಾಗಿ ಪ್ರಕಟಿಸಿತು. ವಿಕ್ಟರ್ ಲೈಸ್ ಮತ್ತು ಸಂಗಡಿಗರು 2015ರಲ್ಲಿ ಐಎಂಡಿಬಿ ಚಲನಚಿತ್ರ ಡೇಟಾದ ಮೇಲೆ 113 ಕ್ವೆರಿಗಳನ್ನು ಓಡಿಸಿ, ಪ್ರಮುಖ ವ್ಯವಸ್ಥೆಗಳೆಲ್ಲವೂ ಹಲವು ಜಾಯಿನ್‌ಗಳಿದ್ದಾಗ ಸಾಲುಗಳ ಅಂದಾಜಿನಲ್ಲಿ ಬಹಳ ಪಟ್ಟು ತಪ್ಪುತ್ತವೆಂದು ಕಂಡರು. ಪ್ಲಾನ್ ಕೆಡುವುದರಲ್ಲಿ ವೆಚ್ಚದ ಸೂತ್ರಕ್ಕಿಂತ ಈ ಅಂದಾಜಿನ ಪಾಲೇ ದೊಡ್ಡದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಯಂತ್ ಹರಿತ್ಸ ಅವರ ಪ್ರಯೋಗಾಲಯ ಈ ಕ್ಷೇತ್ರಕ್ಕೆ ನೇರ ಕೊಡುಗೆ ನೀಡಿದೆ. 2005ರಲ್ಲಿ ಪರಿಚಯಿಸಿದ ಪ್ಲಾನ್ ಚಿತ್ರಗಳು ಮತ್ತು ಪಿಕಾಸೊ ಎಂಬ ಉಪಕರಣ, ಷರತ್ತಿಗೆ ಸಿಗುವ ಸಾಲುಗಳ ಪಾಲು ಬದಲಾದಂತೆ ಆಪ್ಟಿಮೈಜರ್ ಯಾವ ಪ್ಲಾನ್‌ಗೆ ಜಿಗಿಯುತ್ತದೆಂಬುದನ್ನು ಬಣ್ಣಗಳಲ್ಲಿ ತೋರಿಸುತ್ತದೆ. ಡೇಟಾ ಇಲ್ಲದೆ ಅಂಕಿಅಂಶವನ್ನಷ್ಟೇ ರಚಿಸಿ ಪರೀಕ್ಷಿಸುವ ಕಾಡ್ ಎಂಬ ಉಪಕರಣವೂ ಅಲ್ಲಿಯದು. ಕೊಟ್ಟ ಸಂಖ್ಯೆಗಳು ಪರಸ್ಪರ ಒಪ್ಪುತ್ತವೆಯೇ ಎಂದು ಅದು ತಾಳೆ ನೋಡುತ್ತದೆ. ಅನ್ಶುಮನ್ ದತ್ ಮತ್ತು ಹರಿತ್ಸ 2014ರಲ್ಲಿ ಮಂಡಿಸಿದ ‘ಪ್ಲಾನ್ ಬುಕೆ’ ವಿಧಾನ ಇನ್ನೂ ಮುಂದೆ ಹೋಗಿ, ತಪ್ಪುವ ಅಂದಾಜನ್ನು ನಂಬುವುದನ್ನೇ ಬಿಡುತ್ತದೆ. ಆಯ್ದ ಕೆಲವು ಪ್ಲಾನ್‌ಗಳನ್ನು ಏರುವ ವೆಚ್ಚದ ಮಿತಿಯೊಳಗೆ ಒಂದಾದ ಮೇಲೊಂದು ಓಡಿಸಿ, ಅತ್ಯುತ್ತಮ ಪ್ಲಾನ್‌ಗೆ ಹೋಲಿಸಿದ ಹೆಚ್ಚುವರಿ ವೆಚ್ಚಕ್ಕೆ ಖಚಿತ ಮೇಲ್ಮಿತಿ ಕೊಡುತ್ತದೆ.

ಉತ್ಪನ್ನಗಳಲ್ಲಿನ ಬದಲಾವಣೆ ಇದಕ್ಕಿಂತ ಸಾವಧಾನದ್ದು. ಪೋಸ್ಟ್‌ಗ್ರೆಸ್‌ನಲ್ಲಿ ಪ್ರಧಾನ ಆವೃತ್ತಿ ಬದಲಿಸಿದಾಗಲೆಲ್ಲ ಅಂಕಿಅಂಶ ಕಳೆದುಹೋಗಿ, ಅನಲೈಜ್ ಮುಗಿಯುವವರೆಗೆ ಕ್ವೆರಿಗಳು ಒದ್ದಾಡುವುದು ಬಹುಕಾಲದ ದೂರಾಗಿತ್ತು. 2025ರ 18ನೇ ಆವೃತ್ತಿಯಿಂದ ಮೇಲ್ದರ್ಜೆಗೇರಿಸುವಾಗ ಬಹುಪಾಲು ಅಂಕಿಅಂಶ ಉಳಿಯುತ್ತದೆ. ಅದನ್ನು ಹೊರತೆಗೆಯುವ, ಮರಳಿ ಸೇರಿಸುವ ಅಧಿಕೃತ ಸೌಲಭ್ಯಗಳೂ ಬಂದಿವೆ. ಕೆಟ್ಟ ಪ್ಲಾನ್‌ನ ಸಾಕ್ಷ್ಯವನ್ನು ಉಳಿಸಿ ಇನ್ನೊಂದು ಸರ್ವರ್‌ನಲ್ಲಿ ಅದನ್ನೇ ಮರುಸೃಷ್ಟಿಸಲು ಇದು ಒಳ್ಳೆಯ ಸಾಧನ. ಬೇರೆಡೆಯ ಸಂಖ್ಯೆಗಳನ್ನು ತಂದು ಹಾಕುವುದೂ ಇದರಿಂದ ಸುಲಭವಾಯಿತಾದ್ದರಿಂದ, ಆಂತರಿಕ ತಾಳೆ ಇನ್ನು ಪೋಸ್ಟ್‌ಗ್ರೆಸ್ ಡಿಬಿಎಗಳ ನಿತ್ಯದ ಪರೀಕ್ಷೆಗಳಲ್ಲಿ ಸೇರಬೇಕಾಗಿದೆ.